ಎಂಬಿಬಿಎಸ್ ಮಧ್ಯದಲ್ಲಿ ಕಾಲೇಜು ಬದಲಾಯಿಸಬಹುದಾ?

ಹಾಸನದ ಹುಡುಗಿಗೆ ಬೀದರ್‌ನಲ್ಲಿ ಎಂಬಿಬಿಎಸ್ ಸೀಟು. ಬೀದರ್ ಹುಡುಗನಿಗೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಹಿಮ್ಸ್‌ನಲ್ಲಿ. ಇಬ್ಬರೂ ಅದಲುಬದಲು ಮಾಡಿಕೊಂಡರೆ ಯಾರಿಗೇನು ನಷ್ಟ ಸಾರ್?

ಮೇಷ್ಟ್ರ ಕೆಲಸದಲ್ಲಿರುವ ಅಪ್ಪಂದಿರು ಇದನ್ನು ಜಾಸ್ತಿ ಕೇಳುತ್ತಾರೆ. ಅವರಿಗೆ ಪರಸ್ಪರ ವರ್ಗಾವಣೆ ಗೊತ್ತು. ಮಕ್ಕಳು ಹಾಸ್ಟೆಲ್ ಸೇರಿ, ಮೊದಲ ಇಂಟರ್ನಲ್ಸ್‌ನಲ್ಲಿ ಅನಾಟಮಿ ಕೈಕೊಟ್ಟ ಮೇಲೆ ಇಂಥ ಫೋನುಗಳು ಸಕಲೇಶಪುರ, ಮೂಡಿಗೆರೆ, ಅರಸೀಕೆರೆ ಕಡೆಯಿಂದೆಲ್ಲ ಬರುತ್ತವೆ. ನಾನು ಫಸ್ಟ್ ಇಯರ್‌ನವರಿಗೆ ಪಾಠ ಮಾಡುವವನು. ಯಾರಿಗಾದರೂ ಹೇಳಿ ಮಾಡಿಸ್ತೀನಿ ಅಂತ ಅವರ ಆಸೆ.

ಆಗಲ್ಲ. ಮೊದಲು ಒಂದು ಸಣ್ಣ ದಾರಿ ಇತ್ತು. ಮೆಡಿಕಲ್ ಕೌನ್ಸಿಲ್‌ನ 1997ರ ನಿಯಮದಲ್ಲಿ ಮೈಗ್ರೇಷನ್‌ಗೆ, ಅಂದರೆ ಮಧ್ಯದಲ್ಲಿ ಕಾಲೇಜು ಬದಲಾಯಿಸಲು, ಜಾಗ ಕೊಟ್ಟಿದ್ದರು. ಫಸ್ಟ್ ಇಯರ್ ಪಾಸಾಗಿರಬೇಕು, ಎರಡೂ ಕಾಲೇಜಿಗೆ ಮಾನ್ಯತೆ ಇರಬೇಕು, ಎರಡೂ ಕಡೆಯ ಕಾಲೇಜು ಮತ್ತು ಯೂನಿವರ್ಸಿಟಿ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಕೊಡಬೇಕು, ಜೊತೆಗೆ ಗಟ್ಟಿ ಕಾರಣ ಬೇಕು. ಓದಿಸುತ್ತಿದ್ದವರು ತೀರಿಕೊಳ್ಳುವುದು, ವಿದ್ಯಾರ್ಥಿಗೇ ದೊಡ್ಡ ಕಾಯಿಲೆ ಬರುವುದು, ಕಾಲೇಜು ಇರುವ ಊರಲ್ಲಿ ಗಲಭೆ, ಹೀಗೆ. ಊಟ ಒಗ್ಗಲ್ಲ, ಬಿಸಿಲು ತಡೆಯಲ್ಲ ಅನ್ನುವುದು ಆಗಲೂ ಕಾರಣ ಆಗಿರಲಿಲ್ಲ. ಕೌನ್ಸಿಲ್ ಹೋಗಿ 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಆ ಆಯೋಗದ 2023ರ ನಿಯಮ ಆ ದಾರಿಯನ್ನೂ ಮುಚ್ಚಿತು. ಒಂದು ಕಾಲೇಜಿಗೆ ಸೇರಿದ ಮೇಲೆ ಇನ್ನೊಂದಕ್ಕೆ ಹೋಗುವಂತಿಲ್ಲ ಅಂತ ಅದರಲ್ಲಿ ನೇರವಾಗಿ ಬರೆದಿದ್ದಾರೆ. ಅದಲುಬದಲಿಗೂ ಅದು ಅವಕಾಶ ಕೊಡಲಿಲ್ಲ.

ಎಲ್ಲರಿಗೂ ಒಂದೇ ಸಲ ಬಾಗಿಲು ಹಾಕಿದ್ದು ನನಗಂತೂ ಸರಿ ಅನ್ನಿಸಿಲ್ಲ. ಡಯಾಲಿಸಿಸ್‌ನಲ್ಲಿರುವ ಹುಡುಗನಿಗೂ, ಮನೆ ಊಟ ಬೇಕು ಅನ್ನುವವನಿಗೂ ಒಂದೇ ಉತ್ತರ ಕೊಟ್ಟರೆ ಹೇಗೆ? ಅಂಥ ಗಟ್ಟಿ ಕಾರಣ ಇದ್ದವರು ಹೈಕೋರ್ಟಿಗೆ ಹೋಗಿದ್ದಾರೆ. ಹೀಗೆ ಪೂರ್ತಿ ಬಾಗಿಲು ಹಾಕುವುದು ಸರಿಯಲ್ಲ ಅಂತ 2025ರಲ್ಲಿ ದೆಹಲಿ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ನಿಮಗೂ ಇದ್ದರೆ ಒಳ್ಳೆಯ ವಕೀಲರನ್ನು ನೋಡಿ, ಈಗ ನಿಯಮ ಎಲ್ಲಿಗೆ ನಿಂತಿದೆ ಅಂತ ಕೇಳಿ. 'ಸೆಕೆಂಡ್ ಇಯರ್‌ಗೆ ಬೆಂಗಳೂರಿಗೆ ಹಾಕಿಸ್ತೀನಿ, ಅಡ್ವಾನ್ಸ್ ಕೊಡಿ' ಅನ್ನುವ ಏಜೆಂಟ್ ಮಾತ್ರ ಬೇಡವೇ ಬೇಡ.

ಆದರೆ ನಿಯಮದ ಹಿಂದೆ ಕಾರಣವೂ ಇದೆ. ಸೀಟು ಹಂಚುವುದು ನೀಟ್ ರ‍್ಯಾಂಕ್ ಮೇಲೆ. ಮೇಲಿನ ರ‍್ಯಾಂಕಿನವನಿಗೆ ಸಿಗದೇ ಇದ್ದ ಕಾಲೇಜಿಗೆ ಕೆಳಗಿನ ರ‍್ಯಾಂಕಿನವನು ಒಂದು ವರ್ಷ ಬಿಟ್ಟು ಹಿಂಬಾಗಿಲಿನಿಂದ ಬಂದು ಕೂತರೆ ಕೌನ್ಸೆಲಿಂಗ್ ಯಾಕೆ ಬೇಕು? ಇನ್ನೊಂದು, ಈಗಿನ ಪಠ್ಯಕ್ರಮದಲ್ಲಿ ಲಾಗ್‌ಬುಕ್ (ಕಲಿತ ಕೆಲಸಗಳನ್ನು ಬರೆದಿಡುವ ಪುಸ್ತಕ), ಇಂಟರ್ನಲ್ಸ್, ಥಿಯರಿಗೆ ಶೇ 75 ಮತ್ತು ಪ್ರಾಕ್ಟಿಕಲ್‌ಗೆ ಶೇ 80 ಹಾಜರಾತಿ, ಎಲ್ಲವೂ ಅದೇ ಕಾಲೇಜಿನ ಲೆಕ್ಕ. ಪ್ರತಿ ವಿದ್ಯಾರ್ಥಿಗೂ ಹಳ್ಳಿಯ ಕೆಲವು ಕುಟುಂಬಗಳನ್ನು ವಹಿಸಿರುತ್ತಾರೆ. ಅವರ ಬಿಪಿ, ಶುಗರ್, ಮಕ್ಕಳ ಲಸಿಕೆ ಎಲ್ಲ ಆ ಹುಡುಗ ವರ್ಷವರ್ಷ ನೋಡಿಕೊಂಡು ಬರಬೇಕು.

ಇಷ್ಟು ಹೇಳಿದ ಮೇಲೆ ನಾನು ವಾಪಸ್ ಕೇಳುವುದು ಒಂದೇ. ನಿಮ್ಮ ಮಗಳಿಗೆ ನಿಜವಾಗಿ ಏನಾಗಿದೆ? ಟ್ರಾನ್ಸ್‌ಫರ್ ಅನ್ನುವುದು ಮನೆಯವರು ಕಂಡುಕೊಂಡ ಪರಿಹಾರ, ತೊಂದರೆ ಬೇರೆ ಇರುತ್ತೆ. ಫೇಲಾಗುವ ಭಯ ಆದರೆ ಕೇಳಿ: ಫಸ್ಟ್ ಇಯರ್ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಸಪ್ಲಿಮೆಂಟರಿ ಇರುತ್ತೆ, ಅದರಲ್ಲಿ ಪಾಸಾದರೆ ತನ್ನ ಬ್ಯಾಚ್ ಜೊತೆಗೇ ಮುಂದಕ್ಕೆ ಹೋಗಬಹುದು. ಫಸ್ಟ್ ಇಯರ್‌ಗೆ ಒಟ್ಟು 4 ಅವಕಾಶ ಇದೆ. ರ‍್ಯಾಗಿಂಗ್ ಆಗಿದ್ದರೆ ಕಾಲೇಜು ಬಿಡಬೇಕಾದವಳು ಅವಳಲ್ಲ. ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522ಕ್ಕೆ ಫೋನ್ ಮಾಡಬಹುದು, ಹೆಸರು ಹೇಳಲು ಹೆದರಿಕೆ ಇದ್ದರೆ ಅದನ್ನೂ ಅವರಿಗೇ ಹೇಳಿ. ನಿದ್ದೆ ಇಲ್ಲ, ಊಟ ಬಿಟ್ಟಿದ್ದಾಳೆ, ಫೋನಲ್ಲಿ ಬರೀ ಅಳ್ತಾಳೆ ಅಂದರೆ ಊರು ಬದಲಿಸುವ ಮಾತು ಆಮೇಲೆ, ಮೊದಲು ಅದೇ ಕಾಲೇಜಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕಾಯಿಲೆ ಜೋರಾಗಿದ್ದರೆ ರಜೆ ಹಾಕಿ ಮನೆಗೆ ಕರೆತನ್ನಿ. ಹಾಜರಾತಿ ಸಾಲದೆ ಬ್ಯಾಚ್ ತಪ್ಪುತ್ತೆ, ಜೂನಿಯರ್ಸ್ ಜೊತೆ ಕೂರಬೇಕಾಗುತ್ತೆ. ಅಪ್ಪ ಅಮ್ಮಂದಿರಿಗೆ ಇದು ಅವಮಾನದ ಹಾಗೆ ಕಾಣುತ್ತೆ, ನೆಂಟರಿಗೆ ಏನು ಹೇಳೋದು ಅಂತ. ಕೋರ್ಸ್ ಮುಗಿಸಲು ನಿಯಮ ಕೊಟ್ಟಿರುವುದು ಸೇರಿದ ದಿನದಿಂದ 9 ವರ್ಷ. ಓದು ನಾಲ್ಕೂವರೆ ವರ್ಷದ್ದು. ಒಂದು ವರ್ಷ ಹೋದರೆ ಏನೂ ಮುಳುಗಲ್ಲ. ಹೊರಡುವ ಮುಂಚೆ ವೈದ್ಯರ ಸರ್ಟಿಫಿಕೇಟ್ ಸಮೇತ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ. ಸುಮ್ನೆ ಹೇಳದೆ ಬಂದುಬಿಟ್ಟರೆ ಆಮೇಲೆ ಕಷ್ಟ.

ಬಿಟ್ಟು ಮತ್ತೆ ನೀಟ್ ಬರೆಯಬಹುದು. ಆದರೆ ಪಾಸಾದ ವರ್ಷ ಲೆಕ್ಕಕ್ಕಿಲ್ಲ, ಮತ್ತೆ ಅದೇ ಅನಾಟಮಿಯಿಂದ ಶುರು. ಬಿಡುವಾಗ ಉಳಿದ ವರ್ಷಗಳ ಫೀಸು ಕೇಳುವ ಕಾಲೇಜುಗಳಿವೆ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಕೈಯಲ್ಲೇ ಇರುತ್ತೆ. ಸೇರುವಾಗ ಸಹಿ ಹಾಕಿದ ಕಾಗದ ತೆಗೆದು ಓದಿ.

ವಿದೇಶದಲ್ಲಿ ಓದುವವರಿಗೆ ಇದು ಇನ್ನೂ ಬಿಗಿ. ಆಯೋಗದ 2021ರ ನಿಯಮದ ಪ್ರಕಾರ ಕನಿಷ್ಠ 54 ತಿಂಗಳ ಓದು ಒಂದೇ ಸಂಸ್ಥೆಯಲ್ಲಿ ಆಗಬೇಕು, ಅಲ್ಲಿನ 12 ತಿಂಗಳ ಇಂಟರ್ನ್‌ಶಿಪ್ ಕೂಡ ಅಲ್ಲೇ. 2022ರಲ್ಲಿ ಯುದ್ಧದಿಂದ ಉಕ್ರೇನ್ ಬಿಟ್ಟು ಬಂದವರನ್ನೇ ಇಲ್ಲಿನ ಕಾಲೇಜುಗಳಿಗೆ ಸೇರಿಸಿಕೊಳ್ಳಲು ಆಗಲ್ಲ ಅಂತ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೇಳಿತ್ತು. ಬೇರೆ ದೇಶಗಳಲ್ಲಿ ಓದು ಮುಂದುವರಿಸಲು ಅವರಿಗೆ ಒಪ್ಪಿಗೆ ಸಿಕ್ಕಿದ್ದು ವಿಶೇಷ ಸಂದರ್ಭ ಅಂತ. 'ಒಂದು ದೇಶದಲ್ಲಿ ಎರಡು ವರ್ಷ, ಆಮೇಲೆ ಬೇರೆ ದೇಶ, ಕೊನೆಗೆ ಇಂಡಿಯಾ' ಅನ್ನುವ ಪ್ಯಾಕೇಜ್ ಯಾರಾದರೂ ತೋರಿಸಿದರೆ, ಅಷ್ಟೂ ದುಡ್ಡು ಸುರಿದ ಮೇಲೆ ಇಲ್ಲಿ ವೈದ್ಯರಾಗಿ ರಿಜಿಸ್ಟ್ರೇಷನ್ ಸಿಗದೇ ಹೋಗಬಹುದು.

ಈ ವರ್ಷ ಕೌನ್ಸೆಲಿಂಗ್‌ಗೆ ಕೂರುವವರಿಗೆ ಮಾತ್ರ ಇನ್ನೂ ಸಮಯ ಇದೆ. ಆಪ್ಷನ್ ಎಂಟ್ರಿಯನ್ನು, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದನ್ನು, ಸೈಬರ್ ಹುಡುಗನ ಕೈಗೆ ಕೊಟ್ಟು ಬರಬೇಡಿ. ಹಿಂದಿನ ವರ್ಷದ ಕಟ್‌ಆಫ್ ಪಕ್ಕಕ್ಕಿಟ್ಟುಕೊಂಡು, ಮಗಳನ್ನೇ ಕೂರಿಸಿಕೊಂಡು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಬೀದರ್ ಅಂತ ಒಂದೊಂದಾಗಿ ಕ್ರಮ ಹಾಕಿ. ಪ್ರತಿ ಹೆಸರಿಗೂ 'ಇಲ್ಲಿ ಪೂರ್ತಿ ಕೋರ್ಸ್ ಇರ್ತೀಯಾ?' ಅಂತ ಕೇಳಿ. ಸೀಟು ಸಿಕ್ಕ ಮೇಲೆ, ದುಡ್ಡು ಕಟ್ಟುವ ಮೊದಲು, ಒಂದು ಸಲ ಆ ಊರಿಗೆ ಹೋಗಿ ಹಾಸ್ಟೆಲ್ ನೋಡಿ ಬನ್ನಿ.