ಘಾಟಿ ಹತ್ತುವ ಲಾರಿಗೆ ಬೆಸುಗೆ ಸಾಕೇ?

ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಬಂದು ನಮ್ಮ ರೇಡಿಯೇಟರ್ ರಿಪೇರಿ ಶೆಡ್ಡಿನ ಮುಂದೆ ಹಬೆಯಾಡುತ್ತಾ ನಿಲ್ಲುವ ಲಾರಿಯ ಚಾಲಕರು ಇಳಿಯುವಾಗಲೇ ಕೇಳುತ್ತಾರೆ: "ಬೆಸುಗೆ ಹಾಕಿದರೆ ನಡೆಯುತ್ತದಲ್ಲವೇ?" ಮಾಲೀಕರು ಫೋನಿನಲ್ಲಿ ಕೇಳುವುದೂ ಅದನ್ನೇ. ಎಂಜಿನ್ ತಣಿಸುವ ರೇಡಿಯೇಟರಿನ ಬಿರುಕನ್ನು ನೋಡುವ ಮೊದಲು ನಾನು ಎರಡು ವಿಷಯ ಕೇಳಿಕೊಳ್ಳುತ್ತೇನೆ. ಈಚೆಗೆ ಎಷ್ಟು ದಿನಕ್ಕೊಮ್ಮೆ ನೀರು ತುಂಬುತ್ತಿದ್ದಿರಿ? ಯಾವ ನೀರು? ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಉಳಿದರ್ಧ ಲೋಹದ್ದು. ಹಳೆಯ ಲಾರಿಗಳ ತಾಮ್ರ-ಹಿತ್ತಾಳೆಯ ರೇಡಿಯೇಟರ್ ಬೆಸುಗೆಗೆಂದೇ ಹುಟ್ಟಿದ್ದು. ಸೀಸ-ತವರದ ಬೆಸುಗೆ 183 ಡಿಗ್ರಿಗೆ ಕರಗಿ ಹಿತ್ತಾಳೆಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಮೇಲಿನ ಟ್ಯಾಂಕಿನ ಕೂಡು ಬಿಟ್ಟಿದ್ದರೆ, ಹೋಸ್ ಸೇರುವ ಕೊಳವೆಯ ಬುಡ ಸೀಳಿದ್ದರೆ ಧೈರ್ಯವಾಗಿ ಬೆಸೆಯಿರಿ. ಈಗಿನ ಲಾರಿಗಳಲ್ಲಿ ಇರುವುದು ಬೇರೆ ಜಾತಿ: ಅಲ್ಯೂಮಿನಿಯಂ ಕೋರ್ (ನೀರು ಹರಿಯುವ ಟ್ಯೂಬುಗಳಿರುವ ನಡುಭಾಗ), ಎರಡು ತುದಿಗೆ ಪ್ಲಾಸ್ಟಿಕ್ ಟ್ಯಾಂಕ್, ನಡುವೆ ಸೋರದಂತೆ ರಬ್ಬರ್ ಗ್ಯಾಸ್ಕೆಟ್. ಕಾರ್ಖಾನೆಯಲ್ಲಿ ಅದರ ಕೋರನ್ನು ಸುಮಾರು 600 ಡಿಗ್ರಿಯ ಕುಲುಮೆಯಲ್ಲಿ ಒಂದಾಗಿಸಿರುತ್ತಾರೆ. ಅಲ್ಯೂಮಿನಿಯಂ ಕರಗುವುದೇ 660ಕ್ಕೆ. ಮಿಲಿಮೀಟರಿಗಿಂತ ತೆಳುವಾದ ಗೋಡೆಯ ಆ ಟ್ಯೂಬಿಗೆ ಗ್ಯಾಸ್ ಜ್ವಾಲೆ ಹಿಡಿದವನು ಒಂದು ತೂತು ಮುಚ್ಚಲು ಹೋಗಿ ಮೂರು ತೂತು ಮಾಡುತ್ತಾನೆ. ನಾನೂ ಕಲಿಯುವ ಕಾಲದಲ್ಲಿ ಮಾಡಿದ್ದೇನೆ.

ಕಳೆದ ಮಳೆಗಾಲದ ಮುಂಚೆ ಅರಸೀಕೆರೆ ಕಡೆಯಿಂದ ತೆಂಗಿನಕಾಯಿ ಹೊರುವ ಹಳೆಯ ಗಾಡಿಯೊಂದು ಬಂತು. ತಾಮ್ರದ ಕೋರ್, ಎದುರಿಗೇ ಕಾಣುವ ಒಂದು ಸಣ್ಣ ಸೀಳು. ಬಿಚ್ಚಿ, ಬಾಯಿಗಳಿಗೆ ರಬ್ಬರ್ ಬಿರಡೆ ಜಡಿದು, ಒಂದು ಬಾರ್‌ನಷ್ಟು ಒತ್ತಡದ ಗಾಳಿ ತುಂಬಿ ತೊಟ್ಟಿಯಲ್ಲಿ ಮುಳುಗಿಸಿದೆ. ಸೀಳಿನಿಂದ ಗುಳ್ಳೆ ಬುಳುಬುಳು ಎದ್ದಿತು, ಸರಿ. ಬೆಸೆದು ಮತ್ತೆ ಮುಳುಗಿಸಿದಾಗ ಅದರ ಪಕ್ಕದ ಟ್ಯೂಬಿನಿಂದ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳ ಸಾಲು. ಅದನ್ನೂ ಮುಚ್ಚಿದೆ, ಕೆಳಗೆ ಇನ್ನೊಂದು. ಅನುಮಾನ ಬಂದು ಟ್ಯೂಬುಗಳ ನಡುವಿನ ತೆಳು ತಗಡಿನ ಫಿನ್‌ಗಳನ್ನು ಹೆಬ್ಬೆರಳಿನಿಂದ ತೀಡಿದರೆ ಹಸಿರುಗಟ್ಟಿದ ಪುಡಿ ಅಂಗೈಗೆ ಉದುರಿತು. ಮೇಲಿನ ಟ್ಯಾಂಕ್ ಬಿಚ್ಚಿದಾಗ ಟ್ಯೂಬುಗಳ ಬಾಯಲ್ಲಿ ಸುಣ್ಣದಂತಹ ಬಿಳಿ ಗಸಿ. ವರ್ಷಗಟ್ಟಲೆ ಕುಡಿಸಿದ ಬೋರ್‌ವೆಲ್ಲಿನ ಗಡಸು ನೀರಿನ ಫಲ. ಅಂಥ ಕೋರಿಗೆ ಬೆಸುಗೆ ಹಾಕುವುದು ಗೆದ್ದಲು ತಿಂದ ಬಾಗಿಲಿಗೆ ಹೊಸ ಚಿಲಕ ಹಾಕಿದಂತೆ. ಟ್ಯಾಂಕುಗಳು ಗಟ್ಟಿಯಾಗಿದ್ದವು, ಕೋರ್ ಮಾತ್ರ ಬದಲಿಸಿದೆವು. ತಾಮ್ರದ ರೇಡಿಯೇಟರಿನಲ್ಲಿ ಈ ನಡುದಾರಿ ಇದೆ ಎಂಬುದು ಎಷ್ಟೋ ಮಾಲೀಕರಿಗೆ ತಿಳಿದಿಲ್ಲ.

ಒಂದೆರಡು ಟ್ಯೂಬ್ ಮಾತ್ರ ಕೆಟ್ಟಿದ್ದರೆ ಎರಡೂ ತುದಿ ಮುಚ್ಚಿ ಕೈಬಿಡುವುದುಂಟು. ಅದು ತಪ್ಪಲ್ಲ. ಆದರೆ ಮುಚ್ಚಿದ ಪ್ರತಿ ಟ್ಯೂಬಿನಷ್ಟು ತಂಪು ಕಡಿಮೆಯಾಗುತ್ತದೆ. ಗುಂಡ್ಯದಿಂದ ದೋಣಿಗಲ್‌ವರೆಗೆ ತುಂಬಿದ ಲಾರಿ ಎರಡನೇ ಗೇರಿನಲ್ಲಿ ತೆವಳುವಾಗ ಎದುರುಗಾಳಿ ಇರುವುದಿಲ್ಲ. ಫ್ಯಾನ್ ಎಳೆದುಕೊಂಡಷ್ಟೇ ಗಾಳಿ. ಹಾಸನದೊಳಗೇ ಮರಳು ಹೊಡೆಯುವ ಗಾಡಿಗೆ ನಡೆಯುವ ರಿಪೇರಿ ಆ ಏರಿನಲ್ಲಿ ನಡೆಯದು.

ಎತ್ತರದ ಲೆಕ್ಕವೂ ಇದೆ. ಸಕಲೇಶಪುರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಸುಮಾರು 0.9 ಬಾರ್ ಒತ್ತಡ ತಡೆಯುವ ಕ್ಯಾಪ್ (ರೇಡಿಯೇಟರಿನ ಮುಚ್ಚಳ) ಸರಿಯಿದ್ದರೆ ಅದೇ ನೀರು ರೇಡಿಯೇಟರಿನೊಳಗೆ 115 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಸಣ್ಣ ಸೋರಿಕೆ ಅಪಾಯಕಾರಿಯಾಗುವುದು ಹೀಗೆ: ಹೋಗುವ ನೀರು ಎರಡು ಲೋಟವಿರಬಹುದು, ಅದರ ಜೊತೆ ಒತ್ತಡವೂ ಹೋಗುತ್ತದೆ.

ಪ್ಲಾಸ್ಟಿಕ್ ಟ್ಯಾಂಕಿನ ಬಿರುಕಿಗೆ ಎಪಾಕ್ಸಿ ಅಂಟು ಮೆತ್ತಿಸಿಕೊಂಡು ಬರುವವರೇ ಹೆಚ್ಚು. ಬಿಸಿಯಾಗಿ ಹಿಗ್ಗಿ, ತಣಿದು ಕುಗ್ಗುವ ಪ್ಲಾಸ್ಟಿಕ್ಕಿನ ಮೇಲೆ ಅದು ಗಾಯಕ್ಕೆ ಒಣಗಿದ ಹಕ್ಕಳೆಯಂತೆ ಎದ್ದುಬರುತ್ತದೆ. ಊರು ಸೇರುವವರೆಗೆ ಸಾಕು, ಅಷ್ಟೇ. ಕೋರ್ ಚೆನ್ನಾಗಿದ್ದರೆ ಟ್ಯಾಂಕನ್ನು ಹಿಡಿದಿರುವ ಅಂಚಿನ ಲೋಹದ ಹಲ್ಲುಗಳನ್ನು ಬಿಡಿಸಿ ಹೊಸ ಟ್ಯಾಂಕ್, ಹೊಸ ಗ್ಯಾಸ್ಕೆಟ್ ಕೂರಿಸಬಹುದು. ಆ ಹಲ್ಲುಗಳು ಒಮ್ಮೆ ಬಿಡಿಸಿ ಮಡಚುವುದನ್ನು ತಾಳುತ್ತವೆ. ಎರಡನೇ ಸಲಕ್ಕೆ ಮುರಿಯತೊಡಗುತ್ತವೆ. ಆಗ ಪೂರ್ತಿ ರೇಡಿಯೇಟರ್ ತರಿಸಿ.

ಬದಲಿಸಿದರೂ ಮತ್ತೆ ಒಡೆಯುವ ಗಾಡಿಗಳಿವೆ. ರೇಡಿಯೇಟರ್ ಕೂರುವ ರಬ್ಬರ್ ಬುಷ್ ಸವೆದಿದ್ದರೆ ಚಾಸಿಯ ಪ್ರತಿ ತಿರುಚು ನೇರವಾಗಿ ರೇಡಿಯೇಟರಿಗೆ ಬೀಳುತ್ತದೆ. ಎಂಜಿನ್ನಿನ ತಲೆಭಾಗದ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಹೊಗೆ ನೀರಿನ ದಾರಿಗೆ ನುಗ್ಗಿ ಟ್ಯಾಂಕನ್ನು ಒಳಗಿನಿಂದಲೇ ಸೀಳುತ್ತದೆ. ತಣ್ಣಗಿದ್ದಾಗ ಕ್ಯಾಪ್ ತೆಗೆದು ಎಂಜಿನ್ ಓಡಿಸಿ. ನೀರು ಬಿಸಿಯಾಗುವ ಮೊದಲೇ ಬಿಡದೆ ಗುಳ್ಳೆ ಬಂದರೆ ನನ್ನ ಹತ್ತಿರ ಬರುವ ಮುಂಚೆ ಎಂಜಿನ್ ಮೆಕ್ಯಾನಿಕ್ ಬಳಿ ಹೋಗಿ. ಬಿಸಿಯಿದ್ದಾಗ ಕ್ಯಾಪ್ ಮುಟ್ಟಲೇಬೇಡಿ. ನನ್ನ ಮುಂಗೈಯ ಕಲೆ ನೋಡಿದವರಿಗೆ ಇದನ್ನು ಎರಡು ಸಲ ಹೇಳಬೇಕಾಗುವುದಿಲ್ಲ.

ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೌದು, ಕೂದಲೆಳೆಯ ಸೋರಿಕೆ ನಿಲ್ಲುತ್ತದೆ. ಮಾರನಹಳ್ಳಿಯ ತಿರುವಿನಲ್ಲಿ ರಾತ್ರಿ ಸಿಕ್ಕಿಬಿದ್ದವರು ಹಾಕಿಕೊಳ್ಳಿ, ನಾನು ಬೈಯುವುದಿಲ್ಲ. ಆದರೆ ಶೆಡ್ಡಿಗೆ ಬಂದಾಗ ಮುಚ್ಚಿಡದೆ ಹೇಳಿ. ಬಿರುಕು ಮುಚ್ಚಿದ ಪುಡಿಯೇ ಒಳ್ಳೆಯ ಟ್ಯೂಬುಗಳಲ್ಲೂ ಕಟ್ಟಿಕೊಂಡಿರುತ್ತದೆ, ತೊಳೆಯಬೇಕು.

ಬಿಚ್ಚುವಾಗ ಸುರಿಯುವ ಕೂಲೆಂಟನ್ನು (ಎಂಜಿನ್ ತಣಿಸುವ ದ್ರವವನ್ನು) ರಸ್ತೆ ಬದಿಗೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿಗಳು ನೆಕ್ಕಿ ಸಾಯುತ್ತವೆ. ಇನ್ನು, ತಾಮ್ರದ ಕೋರ್ ಬದಲಿಸಿದರೆ ಹಳೆಯದನ್ನು ಶೆಡ್ಡಿನಲ್ಲೇ ಬಿಟ್ಟು ಹೋಗಬೇಡಿ. ನಿಮ್ಮೆದುರೇ ತೂಕ ಹಾಕಿಸಿ, ಗುಜರಿಯ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಲು ಹೇಳಿ.