ಗಡ್ಡೆಯೊಳಗೆ ಮೂಳೆ ಸಿಕ್ಕಿದ್ರೆ ಅದನ್ನ ಕಟ್ಟಿದ್ದು ಯಾರು?

ಕರುಳಿನ ಕ್ಯಾನ್ಸರ್ ಗಡ್ಡೆ ತೆಗೆದು ಲ್ಯಾಬಿಗೆ ಕಳಿಸಿದಾಗ ಅಪರೂಪಕ್ಕೆ ಒಳಗೆ ಮೂಳೆ ಇದೆ ಅಂತ ರಿಪೋರ್ಟ್ ಬರೋದುಂಟು. ಓದಿದವರು ಹೆದರೋದು ಮೂಳೆಗೂ ಹಬ್ಬಿಬಿಡ್ತಾ ಅಂತ, ಆದ್ರೆ ಅದೇ ಬೇರೆ ಇದೇ ಬೇರೆ, ಇಲ್ಲಿ ಮೂಳೆನೇ ಗಡ್ಡೆಯೊಳಗೆ ಹುಟ್ಟಿರತ್ತೆ.

ಒಂದು ಥರದ ಅಂಗಾಂಶ ಇನ್ನೊಂದು ಥರದ್ದಾಗಿ ಬದಲಾಗೋದಕ್ಕೆ 19ನೇ ಶತಮಾನದಲ್ಲಿ ಜರ್ಮನ್ ವೈದ್ಯ ವಿರ್ಶೋ ಮೆಟಾಪ್ಲಾಸಿಯಾ ಅಂತ ಹೆಸರಿಟ್ರು, 1931ರಲ್ಲಿ ಸರ್ಜನ್ ಚಾರ್ಲ್ಸ್ ಹಗಿನ್ಸ್ ನಾಯಿಯ ಮೂತ್ರಕೋಶದ ಒಳಪದರನ ಹೊಟ್ಟೆ ಸ್ನಾಯುವಿನ ಪೊರೆಗೆ ಕಸಿ ಮಾಡಿದ್ರೆ ಅಲ್ಲಿ ಮೂಳೆ ಬೆಳೀತು, 1939ರಲ್ಲಿ ಪೆಥಾಲಜಿಸ್ಟ್ (ಅಂಗಾಂಶ ಪರೀಕ್ಷಿಸೋ ವೈದ್ಯ) ಡ್ಯೂಕ್ಸ್ ಗುದನಾಳದ ಕ್ಯಾನ್ಸರಲ್ಲಿ ಮೂಳೆ ಕಂಡದ್ದನ್ನ ಬರೆದ್ರು, 1965ರಲ್ಲಿ ಮೂಳೆ ಸರ್ಜನ್ ಮಾರ್ಷಲ್ ಯೂರಿಸ್ಟ್ ಖನಿಜ ತೆಗೆದ ಮೂಳೆ ಚೂರನ್ನ ಸ್ನಾಯುವಿನೊಳಗಿಟ್ಟು ಹೊಸ ಮೂಳೆ ಹುಟ್ಟಿಸಿ ತೋರಿಸಿದ್ರು. ಅದಕ್ಕೆ ಕಾರಣವಾದ ಪ್ರೋಟೀನಿಗೆ ಆಮೇಲೆ ಬಿಎಂಪಿ (ಬೋನ್ ಮಾರ್ಫೋಜೆನೆಟಿಕ್ ಪ್ರೋಟೀನ್) ಅನ್ನೋ ಹೆಸರು ಬಂತು. ಕೆಲವು ಕ್ಯಾನ್ಸರ್ ಕೋಶಗಳೂ ಇದನ್ನ ಹೊರಬಿಡ್ತವೆ, ಅದರ ಪ್ರಭಾವಕ್ಕೆ ಪಕ್ಕದ ಮಾಮೂಲಿ ಕೋಶಗಳು ಮೂಳೆ ಕಟ್ಟೋ ಆಸ್ಟಿಯೋಬ್ಲಾಸ್ಟ್ ಆಗಿಬಿಡಬಹುದು.

ಗೋಜಲಾಗಿರೋದು ಡಯಾಗ್ನೋಸಿಸ್. ಸಿಟಿ ಸ್ಕ್ಯಾನಲ್ಲಿ ಬೆಳ್ಳಗೆ ಕಂಡದ್ದೆಲ್ಲ ಮೂಳೆ ಅಲ್ಲ, ಗಡ್ಡೆಯ ಸತ್ತ ಭಾಗದಲ್ಲಿ ಬರೀ ಕ್ಯಾಲ್ಸಿಯಂ ಕೂತಿದ್ರೂ ಬೆಳ್ಳಗೇ ಕಾಣತ್ತೆ. ಮೈಕ್ರೋಸ್ಕೋಪಲ್ಲಿ ಆಸ್ಟಿಯಾಯ್ಡ್ (ಇನ್ನೂ ಕ್ಯಾಲ್ಸಿಯಂ ಕೂರದ ಎಳೇ ಮೂಳೆ), ಅದರೊಳಗೆ ಹೂತ ಕೋಶಗಳು, ಕೆಲವೊಮ್ಮೆ ಮಜ್ಜೆ ಕೂಡ ಕಂಡ್ರೆ ಮೂಳೆ ಅಂತ ಗ್ಯಾರಂಟಿ. ಅಲ್ಲಿಗೆ ನಿಲ್ಲಿಸಬಾರದು. ಕಟ್ಟಿದ್ದು ಮಾಮೂಲಿ ಕೋಶ ಆದ್ರೆ ಮೆಟಾಪ್ಲಾಸಿಯಾ, ಕ್ಯಾನ್ಸರ್ ಕೋಶನೇ ಆದ್ರೆ ಆಸ್ಟಿಯೋಸಾರ್ಕೋಮಾನಾ (ಮೂಳೆ ಕಟ್ಟೋ ಕ್ಯಾನ್ಸರ್) ಅಂತ ನೋಡಬೇಕು, ಸ್ತನದಲ್ಲಾದ್ರೆ ಮೆಟಾಪ್ಲಾಸ್ಟಿಕ್ ಕಾರ್ಸಿನೋಮಾ (ಕ್ಯಾನ್ಸರ್ ಕೋಶಗಳೇ ರೂಪ ಬದಲಿಸೋ ಅಪರೂಪದ ಸ್ತನ ಕ್ಯಾನ್ಸರ್) ಕೂಡ ಇರಬಹುದು, ಚಿಕಿತ್ಸೆ ದಾರಿನೇ ಬದಲಾಗತ್ತೆ.

ಸೂಜಿ ಬಯಾಪ್ಸಿಯ ಸಣ್ಣ ಎಳೆ ನೋಡಿ ಇದನ್ನ ಹೇಳೋದು ತುಂಬಾ ಕಷ್ಟ. ಮಯೋಸೈಟಿಸ್ ಆಸಿಫಿಕಾನ್ಸ್ ಅಂತ ಕ್ಯಾನ್ಸರ್ ಅಲ್ಲದ ಗಂಟೊಂದಿದೆ, ಬಲಿತ ಮೂಳೆ ಅಂಚಲ್ಲಿ, ಎಳೇ ಭಾಗ ನಡುವೆ, ನಡುವಿನ ಚೂರು ಮಾತ್ರ ಸಿಕ್ರೆ ಸಾರ್ಕೋಮಾ ಥರಾನೇ ಕಾಣತ್ತೆ. ಸ್ಕ್ಯಾನ್ ನೋಡಿದ್ರೆ ಅಂಚು ಗೊತ್ತಾಗತ್ತೆ, ಅದಕ್ಕೇ ಸ್ಕ್ಯಾನ್ ಪೆಥಾಲಜಿಸ್ಟ್ ಕೈಗೂ ಸಿಗಲೇಬೇಕು, ಒಂದೇ ಸಾಲು ಬರೆದ ಫಾರಂ ಜೊತೆ ಸ್ಯಾಂಪಲ್ ಕಳಿಸೋದು ರೋಗಿಗೆ ಮಾಡೋ ಅನ್ಯಾಯ. ಸ್ಯಾಟ್‌ಬಿ2 ಸ್ಟೈನ್ (ಆ ಹೆಸರಿನ ಪ್ರೋಟೀನ್ ಇರೋ ಕೋಶಗಳಿಗೆ ಬಣ್ಣ ಕೊಡೋ ಪರೀಕ್ಷೆ) ಇದೆಯಲ್ಲ ಅಂದ್ರೆ, ಅದು ಮಾಮೂಲಿ ಆಸ್ಟಿಯೋಬ್ಲಾಸ್ಟಲ್ಲೂ ಪಾಸಿಟಿವ್, ಆಸ್ಟಿಯೋಸಾರ್ಕೋಮಾದಲ್ಲೂ ಪಾಸಿಟಿವ್, ಕರುಳಿನ ಕ್ಯಾನ್ಸರಲ್ಲೂ ಬಹಳಷ್ಟು ಸಲ ಪಾಸಿಟಿವ್, ಅದೊಂದನ್ನೇ ನಂಬಿ ತೀರ್ಮಾನ ಮಾಡೋಕಾಗಲ್ಲ. ಮಯೋಸೈಟಿಸ್ ಅನ್ನೋ ಅನುಮಾನ ಇದ್ರೆ ಯುಎಸ್‌ಪಿ6 ಜೀನ್ ಟೆಸ್ಟ್ ಸಹಾಯಕ್ಕೆ ಬರತ್ತೆ, ಆದ್ರೆ ಗಟ್ಟಿ ಚೂರನ್ನ ಮೆತ್ತಗೆ ಮಾಡೋಕೆ ಬೇಗ ಆಗಲಿ ಅಂತ ಸ್ಟ್ರಾಂಗ್ ಆಸಿಡ್‌ಗೆ ಹಾಕಿದ್ರೆ ಡಿಎನ್‌ಎ ಹಾಳಾಗತ್ತೆ. ಕ್ಯಾಲ್ಸಿಯಂನ ಮೆಲ್ಲಗೆ ತೆಗೆಯೋ ಇಡಿಟಿಎ ಅನ್ನೋ ದ್ರಾವಣ ನಿಧಾನ, ದಿನಗಟ್ಟಲೆ ಕಾಯಬೇಕು, ಆದ್ರೂ ಜೀನ್ ಟೆಸ್ಟ್ ಬೇಕಾಗಬಹುದು ಅನಿಸಿದ್ರೆ ಒಂದು ಚೂರನ್ನಾದ್ರೂ ಮೊದಲೇ ಇಡಿಟಿಎಗೆ ಎತ್ತಿಡಬೇಕು.