ನಮೂನೆ 4 ಓದುವಾಗ ಕೆಳಗಿನ ಸಾಲಿನಿಂದ ಶುರು ಮಾಡಿ

ಪೌತಿ ಖಾತೆಗೆ, ಎಲ್‌ಐಸಿ ಹಣಕ್ಕೆ ಅಂತ ನಾವು ಹಿಡಿದುಕೊಂಡು ಓಡಾಡುವ ಮರಣ ಪ್ರಮಾಣ ಪತ್ರದಲ್ಲಿ ಸಾವಿನ ಕಾರಣ ಇರುವುದೇ ಇಲ್ಲ. ಮನೆಯಲ್ಲಿ ಒಂದಿದ್ದರೆ ತೆಗೆದು ನೋಡಿ. ಅದರಲ್ಲಿ ಕಾರಣ ತೋರಿಸಬಾರದು ಅಂತ 1969ರ ಜನನ ಮರಣ ನೋಂದಣಿ ಕಾಯ್ದೆಯೇ ಹೇಳುತ್ತದೆ. ಸಾವಿನ ಅಂಕಿಅಂಶ ಓದುವ ನಮಗೆ ಬೇಕಾದ್ದು ಆಸ್ಪತ್ರೆಯಲ್ಲಿ ವೈದ್ಯರು ಸಾವಿನ ಕಾರಣ ಬರೆದು ತುಂಬುವ ನಮೂನೆ 4. ಮನೆಯಲ್ಲಿ ತೀರಿಕೊಂಡರೆ, ಕೊನೆಗೆ ನೋಡಿದ ವೈದ್ಯರು ತುಂಬುವುದು 4ಎ.

ಮದ್ದೂರು ಕಡೆಯ ಕಬ್ಬು ಬೆಳೆಗಾರರೊಬ್ಬರು ಅಂದುಕೊಳ್ಳಿ. ಕಾಲಿನ ಗಾಯ ಮಾಗಲಿಲ್ಲ, ಕೊಳೆಯಿತು, ನಂಜು ರಕ್ತಕ್ಕೆ ಏರಿ ತೀರಿಕೊಂಡರು. ನಮೂನೆಯ ಮೊದಲ ಭಾಗದಲ್ಲಿ ಹೀಗಿರಬೇಕು:

(ಎ) ರಕ್ತದ ನಂಜು – 3 ದಿನ
(ಬಿ) ಕಾಲಿನ ಗ್ಯಾಂಗ್ರೀನ್ – 3 ವಾರ
(ಸಿ) ಸಕ್ಕರೆ ಕಾಯಿಲೆ – 12 ವರ್ಷ

ಬಿಪಿಯೂ ಇದ್ದು ಸಾವಿಗೆ ಕೈಜೋಡಿಸಿದ್ದರೆ ಅದು ಎರಡನೇ ಭಾಗಕ್ಕೆ. ಅಂಕಿಅಂಶಕ್ಕೆ ಹೋಗುವುದು (ಸಿ), ಅಂದರೆ ಎಲ್ಲ ಶುರುವಾದ ಮೂಲ ಕಾರಣ. ಬಲಗಡೆಯ ಅವಧಿ ನೋಡಿ: ಕೆಳಗೆ ಇಳಿದಂತೆ ಜಾಸ್ತಿ ಆಗಬೇಕು. ತಿರುವುಮುರುವು ಆಗಿದ್ದರೆ ಸಾಲುಗಳನ್ನೇ ಅದಲು ಬದಲು ಬರೆದಿರಬಹುದು. ನಾನು ಮೊದಲು ಕಣ್ಣು ಹಾಯಿಸುವುದೇ ಅಲ್ಲಿಗೆ.

ಈಗ ಇದೇ ರೋಗಿಗೆ ‘ಹೃದಯ ಸ್ತಂಭನ’ ಅಂತ ಒಂದೇ ಸಾಲು ಬರೆದರು ಅನ್ನಿ. ಹೃದಯ ನಿಲ್ಲದೆ ಯಾರು ಸಾಯುತ್ತಾರೆ? ಕಾಯಿಲೆಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ-10ರಲ್ಲಿ ಅದು ಐ46 ಆಗುತ್ತದೆ, ಸಕ್ಕರೆ ಕಾಯಿಲೆ ಲೆಕ್ಕದಿಂದಲೇ ಮಾಯ. ಇಂಥವನ್ನು ‘ಗಾರ್ಬೇಜ್ ಕೋಡ್’ ಅನ್ನುತ್ತಾರೆ. ಸಂಖ್ಯೆ ಬರುತ್ತದೆ, ಉಪಯೋಗಕ್ಕೆ ಬರಲ್ಲ. ನಮ್ಮ ತಾತ ಊರಲ್ಲಿ ತೀರಿಕೊಂಡಾಗ ‘ವಯೋಸಹಜ’ ಅಂತ ಬರೆಸಿದ್ದರು. ಅದರ ಕೋಡ್ ಆರ್54. ಆರು ತಿಂಗಳು ಕೆಮ್ಮಿ ಕೆಮ್ಮಿ ಸೊರಗಿದ್ದನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಅಪಘಾತದಲ್ಲೂ ಇದೇ ಲೆಕ್ಕ. ಕಾರು ವಿ.ಸಿ. ನಾಲೆಗೆ ಉರುಳಿ ಒಳಗಿದ್ದವರು ಮುಳುಗಿದರೆ, ಮೂಲ ಕಾರಣ ವಾಹನ ಅಪಘಾತ. ಸುಮ್ನೆ ‘ಮುಳುಗಿ ಸಾವು’ ಅಂತ ಬರೆದರೆ ಈಜಲು ಹೋದವರ ಜೊತೆ ಸೇರಿಬಿಡುತ್ತದೆ. ತಡೆಗೋಡೆ ಇಲ್ಲದ ಏರಿ ರಸ್ತೆ ಯಾರ ಕಣ್ಣಿಗೂ ಬೀಳಲ್ಲ.

ಇನ್ನು, ಎಲ್ಲ ಸಾವಿಗೂ ವೈದ್ಯರ ಸಹಿ ಇರುವುದಿಲ್ಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಕಾರಣಕ್ಕೆ ವೈದ್ಯರ ಪ್ರಮಾಣ ಇದ್ದದ್ದು ಶೇ. 22.5ಕ್ಕೆ ಮಾತ್ರ. ಅದರಲ್ಲೂ ಹೆಚ್ಚಿನವು ಆಸ್ಪತ್ರೆಯವು. ಹಟ್ಟಿಯಲ್ಲಿ, ತೋಟದ ಮನೆಯಲ್ಲಿ ಆದ ಸಾವಿಗೆ ‘ವರ್ಬಲ್ ಅಟಾಪ್ಸಿ’ ಅನ್ನುವ ದಾರಿ ಇದೆ. ಎಷ್ಟು ದಿನ ಜ್ವರ ಇತ್ತು, ಕಾಲು ಊದಿತ್ತಾ ಅಂತ ಮನೆಯವರನ್ನು ಕೇಳಿ ಬರೆದುಕೊಳ್ಳುತ್ತಾರೆ. ಅದನ್ನು ಓದಿ ವೈದ್ಯರು ಕಾರಣ ಗುರುತಿಸುತ್ತಾರೆ.

ಕೊನೆಗೆ ನಾನೇ ಬಿದ್ದ ಗುಂಡಿ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಮಂಡ್ಯದಿಂದ ಆಂಬುಲೆನ್ಸ್‌ನಲ್ಲಿ ಬಂದವರು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅದು ಮೈಸೂರಿನ ಲೆಕ್ಕಕ್ಕೆ ಬೀಳುತ್ತದೆ. ಅಭ್ಯಾಸಕ್ಕೆ ಕೊಟ್ಟ ಟೇಬಲ್‌ನಲ್ಲಿ ನಾನು ವಾಸಸ್ಥಳ ಬಿಟ್ಟು ಮರಣ ಸ್ಥಳದ ಕಾಲಂ ತಗೊಂಡೆ. ಗ್ರಾಫ್‌ನಲ್ಲಿ ಮೈಸೂರಿನ ಕಂಬ ಹಾಳೆ ದಾಟಿತ್ತು. ಮೇಷ್ಟ್ರು ನೋಡಿ, ‘ಮಂಡ್ಯದಲ್ಲಿ ಯಾರೂ ಸಾಯೋದೇ ಇಲ್ವೇನಪ್ಪಾ?’ ಅಂದರು.